ಉತ್ತರ ಬಾರದ ಪತ್ರ ಮತ್ತು ಶ್ರಾವಕನ ಸತ್ಯಾಣುವ್ರತ

ಭೋಗಭೂಮಿಯ ಕಾಲ ಮುಗಿದು ಕರ್ಮಭೂಮಿಯ ಕಾಲ ಆರಂಭವಾದಾಗ, ಬದುಕುವ ದಾರಿ ಕಾಣದೆ ಕಂಗೆಟ್ಟ ಪ್ರಜೆಗಳಿಗೆ ಭಗವಾನ್ ಆದಿನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸಿದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಇವುಗಳಲ್ಲಿ ಮಸಿ ಎಂದರೆ ಬರವಣಿಗೆಯಿಂದ ಜೀವಿಸುವುದು. ವಾಣಿಜ್ಯವೆಂದರೆ ಕೊಳ್ಳುವ ಮತ್ತು ಮಾರುವ ವೃತ್ತಿ. ವ್ಯಾಪಾರಿಯು ಪತ್ರ ಬರೆಯಲು ಕುಳಿತಾಗ ಈ ಎರಡು ಕರ್ಮಗಳು ಒಂದೆಡೆ ಕೂಡುತ್ತವೆ. ತಕ್ಕಡಿಯ ಮುಂದೆ ಎಚ್ಚರದಿಂದಿರುವ ಅನೇಕ ಶ್ರಾವಕರು ಬರವಣಿಗೆಯ ಮುಂದೆ ಅಷ್ಟು ಎಚ್ಚರದಿಂದಿರುವುದಿಲ್ಲ. ತೂಕದಲ್ಲಿ ಒಂದು ಗ್ರಾಂ ಕಡಿಮೆಯಾದರೆ ನೊಂದುಕೊಳ್ಳುವವನು, ಪತ್ರದಲ್ಲಿ ಒಂದು ವಾಕ್ಯ ಹೆಚ್ಚಾದರೆ ಅದನ್ನು ಜಾಣತನವೆಂದು ಭಾವಿಸುತ್ತಾನೆ. ಆ ಒಂದು ವಾಕ್ಯದ ವಿಷಯವಾಗಿ ವಾಚಕ ಬಂಧುಗಳೊಡನೆ ವಿಚಾರ ಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಪ್ರಸಂಗವು ಎಲ್ಲ ವರ್ತಕರಿಗೂ ಪರಿಚಿತವಾದದ್ದೇ. ಒಬ್ಬರು ಅಂಗಡಿಗೆ ಬಂದು ಅಥವಾ ಫೋನಿನಲ್ಲಿ ದರ ವಿಚಾರಿಸುತ್ತಾರೆ. ನಾವು ಕೊಟೇಷನ್ ಸಿದ್ಧಪಡಿಸಿ ಇ-ಮೇಲ್ ಮೂಲಕ ಕಳುಹಿಸುತ್ತೇವೆ. ಬಳಿಕ ಅವರಿಂದ ಒಂದು ಮಾತೂ ಇಲ್ಲ. ಹತ್ತು ದಿನ ಕಳೆಯುತ್ತದೆ, ಇಪ್ಪತ್ತು ದಿನ ಕಳೆಯುತ್ತದೆ. ಆಗ ಎರಡನೆಯ ಪತ್ರ ಬರೆಯಬೇಕೇ? ಮೂರನೆಯದನ್ನು? ಬರೆದರೆ ಏನೆಂದು ಬರೆಯಬೇಕು? ಉತ್ತರ ಕೊಡದವನಿಂದ ಉತ್ತರ ಹೊರಡಿಸುವ ಉಪಾಯಗಳನ್ನು ಹೇಳಿಕೊಡುವ ಪುಸ್ತಕಗಳೂ ತರಗತಿಗಳೂ ಇಂದು ಬೇಕಾದಷ್ಟಿವೆ. ಅವು ಕೇಳುವುದು ಒಂದೇ ಪ್ರಶ್ನೆ: ಯಾವ ಪತ್ರದಿಂದ ಫಲ ದೊರೆಯುತ್ತದೆ? ಶ್ರಾವಕನಾದವನು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದಿದೆ: ಉತ್ತರ ಕೊಡದಿರುವ ಆ ಮನುಷ್ಯನ ಮೇಲೆ ನನಗೆ ಯಾವ ಹಕ್ಕಿದೆ?

ಮೂರು ಬಗೆಯ ಮೌನ

ಸಾಲ ಪಡೆದವನು ಮೌನವಾಗಿರುವುದು ಒಂದು ಬಗೆ. ಅವನು ನಮ್ಮ ಹಣವನ್ನು ಇಟ್ಟುಕೊಂಡಿದ್ದಾನೆ. ಅವನನ್ನು ಕೇಳುವ ಹಕ್ಕು ನಮಗಿದೆ. ಮಾತು ಕೊಟ್ಟವನು ಮೌನವಾಗಿರುವುದು ಎರಡನೆಯ ಬಗೆ. ಸರಕು ಕಾದಿರಿಸಿ ಎಂದು ಹೇಳಿ ಹೋದವನು ಬಾರದಿದ್ದರೆ, ಬರುವಿರೋ ಇಲ್ಲವೋ ಎಂದು ಕೇಳುವುದು ನ್ಯಾಯವೇ. ಆದರೆ ದರವನ್ನಷ್ಟೇ ಕೇಳಿದವನು ನಮಗೆ ಏನನ್ನೂ ಕೊಡಬೇಕಾಗಿಲ್ಲ. ಹಣ ಕೊಡಬೇಕಾಗಿಲ್ಲ, ಕಾರಣ ಕೊಡಬೇಕಾಗಿಲ್ಲ, ಕಟ್ಟುನಿಟ್ಟಾಗಿ ನೋಡಿದರೆ ಉತ್ತರವನ್ನೂ ಕೊಡಬೇಕಾಗಿಲ್ಲ. ನಾವು ಮಾಡುವ ಮೊದಲ ತಪ್ಪು ಈ ಮೂರನೆಯವನನ್ನು ಮೊದಲನೆಯವನಂತೆ ಕಾಣುವುದು. ಕೊಟೇಷನ್ ಕಳುಹಿಸಿದ ಶ್ರಮವನ್ನು ಅವನ ಖಾತೆಗೆ ಖರ್ಚು ಬರೆದು, ಅವನನ್ನು ಮನಸ್ಸಿನಲ್ಲೇ ಸಾಲಗಾರನನ್ನಾಗಿ ಮಾಡಿಕೊಳ್ಳುತ್ತೇವೆ. ಅನಂತರ ಬರೆಯುವ ಪ್ರತಿಯೊಂದು ಪತ್ರದಲ್ಲಿಯೂ ವಸೂಲಿಯ ಧ್ವನಿ ಸೇರಿಕೊಳ್ಳುತ್ತದೆ.

ಮೌನದ ಅರ್ಥವನ್ನು ನಿರ್ಣಯಿಸುವುದರಲ್ಲಿ ಎರಡನೆಯ ತಪ್ಪು ಆಗುತ್ತದೆ. ಅನೇಕಾಂತವನ್ನು ನಾವು ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ ಏಕಾಂತವಾದಿಗಳಾಗುತ್ತೇವೆ. ಉತ್ತರ ಬರಲಿಲ್ಲವೆಂದರೆ ಉದಾಸೀನ, ಅಥವಾ ಬೇರೆ ಅಂಗಡಿಗೆ ಹೋಗಿದ್ದಾರೆ, ಅಥವಾ ದರ ಇಳಿಸಲಿ ಎಂದು ಕಾಯುತ್ತಿದ್ದಾರೆ ಎಂದು ತೀರ್ಮಾನಿಸುತ್ತೇವೆ. ನಮ್ಮ ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಮನೆಯನ್ನು ಕಂಡವರಿಗೆ ಬೇರೆ ಕಾರಣಗಳೂ ತಿಳಿದಿರುತ್ತವೆ. ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಸುಮಾರು ಒಂದು ವಾರ ಆ ಮನೆಯಲ್ಲಿ ಹಗಲು ರಾತ್ರಿಗಳ ವ್ಯತ್ಯಾಸವಿರುವುದಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಆ ವಾರದಲ್ಲೇ ತಿನ್ನುತ್ತದೆ. ಸೊಪ್ಪು ತರುವುದು, ಹಾಕುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಇವುಗಳ ನಡುವೆ ನಮ್ಮ ಇ-ಮೇಲನ್ನು ಯಾರು ನೋಡುತ್ತಾರೆ? ಗೂಡು ಮಾರುಕಟ್ಟೆಗೆ ಹೋಗಿ ಹಣ ಕೈಗೆ ಬರುವವರೆಗೆ ಏನೆಂದು ಉತ್ತರ ಬರೆಯುತ್ತಾರೆ? ಕೈಯಲ್ಲಿ ಹಣವಿಲ್ಲವೆಂದು ಬರೆಯಲು ಮರ್ಯಾದಸ್ಥರಿಗೆ ಸಂಕೋಚ. ಬೇಡವೆಂದು ಬರೆಯಲು ಮನಸ್ಸಿಲ್ಲ. ಆದ್ದರಿಂದ ಸುಮ್ಮನಿರುತ್ತಾರೆ.

ಗೂಡಿನ ವಿಷಯ ಬಂದಾಗ, ಅದರೊಳಗಿನ ಜೀವಿಯ ಗತಿಯನ್ನು ನೆನೆದು ನಮ್ಮ ಮನಸ್ಸು ಹಿಂಜರಿಯುವುದು ಸಹಜ. ಆ ವಿಚಾರ ದೊಡ್ಡದು, ಅದನ್ನು ಬೇರೆಯಾಗಿಯೇ ಬರೆಯಬೇಕು. ಇಲ್ಲಿ ಆ ಊರಿನ ಜನಜೀವನವನ್ನು ತಿಳಿಸುವಷ್ಟಕ್ಕೆ ಮಾತ್ರ ಪ್ರಸ್ತಾಪಿಸಿದ್ದೇನೆ.

ನನ್ನದೇ ಒಂದು ಅಪರಾಧ

ಪರರಿಗೆ ಉಪದೇಶ ಮಾಡುವ ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ಯುಕ್ತ. ನಮ್ಮದು ಪಾತ್ರೆ ವ್ಯಾಪಾರ. ಕೆಲವು ವರ್ಷಗಳ ಹಿಂದೆ ಶಿಡ್ಲಘಟ್ಟದ ಕಡೆಯ ಒಬ್ಬ ರೈತರು ಶಾಮಿಯಾನ ಮತ್ತು ಪಾತ್ರೆಗಳನ್ನು ಬಾಡಿಗೆಗೆ ಕೊಡುವ ಸಣ್ಣ ಉದ್ಯೋಗ ಮಾಡಬೇಕೆಂದು ನಮ್ಮಲ್ಲಿ ವಿಚಾರಿಸಿದರು. ಐದುನೂರು ಜನರ ಅಡುಗೆಗೆ ಬೇಕಾಗುವ ಕೊಳದಪ್ಪಲೆ, ಬಾಣಲೆ, ಬಕೆಟ್, ಸೌಟು ಎಲ್ಲವೂ ಸೇರಿದ ಒಂದು ಸೆಟ್ಟು. ದರಪಟ್ಟಿ ಕಳುಹಿಸಿದೆವು. ಉತ್ತರವಿಲ್ಲ. ಎರಡನೆಯ ಸಲ ಬರೆದೆವು. ಉತ್ತರವಿಲ್ಲ. ಮೂರನೆಯ ಪತ್ರವನ್ನು ನಾನು ಹೇಳಿದೆ, ಮಗ ಟೈಪ್ ಮಾಡಿದ: "ಇದೇ ಸೆಟ್ಟನ್ನು ಇನ್ನೊಬ್ಬರು ಕೇಳುತ್ತಿದ್ದಾರೆ. ನಮ್ಮಲ್ಲಿರುವುದು ಒಂದೇ. ನಾಳೆ ಸಂಜೆಯೊಳಗೆ ತಿಳಿಸದಿದ್ದರೆ ಅವರಿಗೆ ಕೊಡಬೇಕಾಗುತ್ತದೆ."

ಇನ್ನೊಬ್ಬರು ಯಾರೂ ಇರಲಿಲ್ಲ. ಸೆಟ್ಟು ಒಂದೇ ಇತ್ತೆಂಬುದೂ ನಿಜವಲ್ಲ. ಬೇಕೆಂದರೆ ನಾಲ್ಕು ದಿನಗಳಲ್ಲಿ ಮತ್ತೊಂದನ್ನು ತರಿಸಬಹುದಾಗಿತ್ತು. "ಅಪ್ಪಾಜಿ, ಹೀಗೆ ಬರೆಯಬಹುದೇ?" ಎಂದು ಮಗ ಕೇಳಿದ. "ವ್ಯಾಪಾರದಲ್ಲಿ ಇಷ್ಟು ಇರುತ್ತದೆ" ಎಂದೆ.

ಪತ್ರಕ್ಕೆ ಫಲ ದೊರೆಯಿತು. ಮರುದಿನ ಮಧ್ಯಾಹ್ನದೊಳಗೆ ಅವರು ಹಣದೊಂದಿಗೆ ಬಂದರು, ಪಾತ್ರೆಗಳನ್ನು ಗಾಡಿಗೆ ಏರಿಸಿಕೊಂಡು ಹೋದರು. ನಾನು ಮಗನ ಕಡೆ ನೋಡಿ ನಕ್ಕದ್ದೂ ನೆನಪಿದೆ.

ಎರಡು ತಿಂಗಳ ನಂತರ ಅವರು ಕೆಲವು ಮುಚ್ಚಳಗಳಿಗಾಗಿ ಮತ್ತೆ ಬಂದರು. ಕುಶಲೋಪರಿಯ ನಡುವೆ ತಿಳಿದುಬಂದ ಸಂಗತಿ ಇಷ್ಟು. ಗೂಡು ಮಾರಿ ಬಂದ ಹಣದಿಂದ ಶ್ರಾವಣದಲ್ಲಿ ಪಾತ್ರೆ ಕೊಳ್ಳಬೇಕೆಂದು ಅವರು ಯೋಚಿಸಿದ್ದರು. ನಮ್ಮ ಪತ್ರ ಹೋದದ್ದು ಆಷಾಢಕ್ಕೆ ಸ್ವಲ್ಪ ಮೊದಲು. ಸೆಟ್ಟು ಕೈತಪ್ಪೀತೆಂದು ಹೆದರಿ ಬಡ್ಡಿಗೆ ಸಾಲ ತಂದಿದ್ದರು. ಆಷಾಢದಲ್ಲಿ ನಮ್ಮ ಕಡೆ ಮದುವೆಗಳೆಲ್ಲಿ ನಡೆಯುತ್ತವೆ? ಪಾತ್ರೆಗಳು ಮನೆಯ ಮೂಲೆಯಲ್ಲಿ ಕುಳಿತಿದ್ದವು, ಬಡ್ಡಿ ಮಾತ್ರ ಕುಳಿತಿರಲಿಲ್ಲ. ಇದನ್ನು ಅವರು ದೂರಾಗಿ ಹೇಳಲಿಲ್ಲ. ಹೊರಡುವಾಗ ಅವರೇ ಕೇಳಿದರು: "ಆವತ್ತು ಇನ್ನೊಬ್ಬರು ಕೇಳಿದ್ದರಲ್ಲ ಸ್ವಾಮಿ, ಅವರಿಗೆ ಆಮೇಲೆ ಪಾತ್ರೆ ಸಿಕ್ಕಿತಾ? ನನ್ನಿಂದ ಅವರ ಮನೆ ಕಾರ್ಯಕ್ಕೆ ತೊಂದರೆ ಆಗಲಿಲ್ಲ ತಾನೇ?"

ನಾನು ಸೃಷ್ಟಿಸಿದ ಒಬ್ಬ ಇಲ್ಲದ ಮನುಷ್ಯನಿಗಾಗಿ ಇವರು ಎರಡು ತಿಂಗಳು ಮನಸ್ಸಿನಲ್ಲಿ ಕೊರಗಿದ್ದರು. ಮಗನ ಎದುರಿಗೇ ನಿಜವನ್ನು ಹೇಳಿದೆ. ಅವರು ಕೆಲಹೊತ್ತು ಮಾತನಾಡಲಿಲ್ಲ. ಎರಡು ತಿಂಗಳ ಬಡ್ಡಿಯನ್ನು ಲೆಕ್ಕ ಹಾಕಿ ಮುಂದಿಟ್ಟೆ. ಬಹಳ ಒತ್ತಾಯಿಸಿದ ಮೇಲೆ ತೆಗೆದುಕೊಂಡರು. "ದುಡ್ಡಿನ ಮಾತು ಬಿಡಿ. ಪಾತ್ರೆ ಇಷ್ಟು ದಪ್ಪ ಅಂತಲೂ ನೀವೇ ಹೇಳಿದ್ದು. ಅದನ್ನು ನಂಬಲೋ ಬೇಡವೋ?" ಎಂದರು. ಪಾತ್ರೆಯ ದಪ್ಪ ಹೇಳಿದಷ್ಟೇ ಇತ್ತು. ಆದರೆ ಆ ಕ್ಷಣದಲ್ಲಿ ಅದನ್ನು ಸಾಧಿಸಿ ತೋರಿಸಲು ನನ್ನ ಬಾಯಿಯಲ್ಲಿ ಮಾತು ಉಳಿದಿರಲಿಲ್ಲ. ಒಂದು ಸುಳ್ಳು ನನ್ನ ನಿಜಗಳನ್ನೂ ಕೊಂಡೊಯ್ದಿತ್ತು.

ಕೂಟಲೇಖ ಮತ್ತು ಪ್ರತಿರೂಪಕ ವ್ಯವಹಾರ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಎಣಿಸಿದ್ದಾರೆ. ಕೂಟಲೇಖವೆಂದರೆ ಸುಳ್ಳು ದಸ್ತಾವೇಜು, ಖೋಟಾ ರುಜು ಎಂದಷ್ಟೇ ನಾವು ತಿಳಿದು, ಅದು ನಮಗೆ ಸಂಬಂಧಿಸಿದ್ದಲ್ಲವೆಂದು ನಿಶ್ಚಿಂತರಾಗಿರುತ್ತೇವೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆಯ ತಾತ್ಪರ್ಯ ಇನ್ನೂ ಸೂಕ್ಷ್ಮವಾದುದು: ಬೇರೊಬ್ಬನು ಹೇಳದೆ ಇದ್ದುದನ್ನು, ಮಾಡದೆ ಇದ್ದುದನ್ನು, ಹೇಳಿದನೆಂದೂ ಮಾಡಿದನೆಂದೂ ವಂಚನೆಗಾಗಿ ಬರೆಯುವುದು. "ಇನ್ನೊಬ್ಬರು ಕೇಳುತ್ತಿದ್ದಾರೆ" ಎಂಬ ನನ್ನ ವಾಕ್ಯಕ್ಕೆ ಇದಕ್ಕಿಂತ ನೇರವಾದ ಲಕ್ಷಣ ಬೇಕೇ?

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂಬುದು ಒಂದಿದೆ. ಅಸಲಿನ ಹೆಸರಿನಲ್ಲಿ ನಕಲಿಯನ್ನು ಮಾರುವುದು. ಇದನ್ನು ಲೋಹಕ್ಕೂ ಧಾನ್ಯಕ್ಕೂ ಅನ್ವಯಿಸುತ್ತೇವೆ. ಅವಸರಕ್ಕೂ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆಯಲ್ಲಿ ಅಸಲಿ ಅವಸರವಿದೆ. ಚಿಂತಾಮಣಿಯ ಮಾರುಕಟ್ಟೆಗೆ ಬಂದ ಟೊಮೆಟೊ ಎರಡು ದಿನ ಕಾಯಲಾರದು. ಚಿಕ್ಕಬಳ್ಳಾಪುರದ ಸೇವಂತಿಗೆ ಬೇಗ ಬಾಡುತ್ತದೆ. ಶಿಡ್ಲಘಟ್ಟದ ಗೂಡು, ಪತಂಗ ಹೊರಬರುವ ಮೊದಲೇ ಮಾರಾಟವಾಗಬೇಕು. ಗೌರಿಬಿದನೂರಿನ ಮುಸುಕಿನ ಜೋಳ ಮಾತ್ರ ಚೆನ್ನಾಗಿ ಒಣಗಿದ್ದರೆ ಕೆಲವು ವಾರ ತಾಳೀತು. ಹೀಗೆ "ಇವತ್ತೇ ಆಗಬೇಕು" ಎಂಬ ಮಾತು ಇಲ್ಲಿಯ ರೈತನಿಗೆ ಹುಟ್ಟಿನಿಂದ ಕೇಳಿದ ಮಾತು, ನಿಜವೆಂದು ಅನುಭವದಿಂದ ಬಲ್ಲ ಮಾತು. ಸ್ಟೀಲಿನ ಕೊಳದಪ್ಪಲೆ ಬಾಡುವುದಿಲ್ಲ, ಕೊಳೆಯುವುದಿಲ್ಲ. ಅದಕ್ಕೆ ಹೂವಿನ ಅವಸರವನ್ನು ಹಚ್ಚಿ ಮಾರಿದಾಗ ನಾನು ಮಾಡಿದ್ದು, ಹೂವಿನವರೂ ಟೊಮೆಟೊದವರೂ ಪ್ರಾಮಾಣಿಕವಾಗಿ ಗಳಿಸಿಟ್ಟ ನಂಬಿಕೆಯನ್ನು ಕದ್ದು ಖರ್ಚು ಮಾಡಿದ ಕೆಲಸ.

ನಮ್ಮ ಸರಕಾರಿ ಗೂಡಿನ ಮಾರುಕಟ್ಟೆಯಿಂದಲೂ ಒಂದು ಪಾಠವಿದೆ. ಅಷ್ಟು ಅವಸರದ ಸರಕಿನಲ್ಲಿಯೂ, ಹರಾಜಿನಲ್ಲಿ ಬಂದ ಅತಿ ಹೆಚ್ಚಿನ ಬೆಲೆ ತನಗೆ ಒಪ್ಪಿಗೆಯಾಗದಿದ್ದರೆ ಬೇಡವೆನ್ನುವ ಸ್ವಾತಂತ್ರ್ಯ ಬೆಳೆಗಾರನಿಗಿದೆ. ನಿಜವಾದ ಅವಸರವೇ ಮನುಷ್ಯನ "ಬೇಡ" ಎಂಬ ಮಾತಿಗೆ ಸ್ಥಳ ಬಿಟ್ಟಿರುವಾಗ, ಸುಳ್ಳು ಅವಸರಕ್ಕೆ ಆ ಸ್ಥಳವನ್ನು ಕಸಿದುಕೊಳ್ಳುವ ಅಧಿಕಾರ ಎಲ್ಲಿಯದು?

ಲೌಕಿಕ ಕಾನೂನೂ ಈಗ ಈ ಮಾರ್ಗಕ್ಕೆ ಬರುತ್ತಿದೆ. ಅಮೆರಿಕದಲ್ಲಿ 2003ರಲ್ಲಿ ಆದ ಕಾನೂನು, ವ್ಯಾಪಾರದ ಇ-ಮೇಲ್‌ಗಳಿಗೆ ಮೋಸದ ಶೀರ್ಷಿಕೆ ಕೊಡಬಾರದೆಂದೂ, ಇನ್ನು ಮುಂದೆ ಕಳುಹಿಸಬೇಡಿ ಎನ್ನಲು ದಾರಿ ಇರಬೇಕೆಂದೂ ವಿಧಿಸಿತು. ನಮ್ಮ ದೇಶದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಂಪ್ಯೂಟರ್ ಮತ್ತು ಮೊಬೈಲ್ ಮೂಲಕ ನಡೆಯುವ ವ್ಯಾಪಾರದ 13 ಬಗೆಯ ಕುಟಿಲ ತಂತ್ರಗಳನ್ನು ಹೆಸರಿಸಿದೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡವೆಂದವರಿಗೆ ನಾಚಿಕೆಯಾಗುವಂತೆ ಮಾಡುವುದು, ಬಿಡದೆ ಪೀಡಿಸುವುದು ಆ ಪಟ್ಟಿಯಲ್ಲಿವೆ. ನಮ್ಮ ಆಚಾರ್ಯರು ಶತಮಾನಗಳ ಹಿಂದೆಯೇ ಅತಿಚಾರವೆಂದದ್ದನ್ನು ಸರಕಾರ ಇಂದು ಅಪರಾಧವೆನ್ನುತ್ತಿದೆ. ಕಾನೂನು ಹಿಡಿದಾಗ ಬಿಡುವುದಕ್ಕಿಂತ ವ್ರತಕ್ಕಾಗಿ ಬಿಡುವುದು ಶ್ರಾವಕನಿಗೆ ಶೋಭೆ.

ಯಂತ್ರ ಬರೆದರೆ ದೋಷ ಯಾರಿಗೆ?

ನಾನು ಹೇಳಿದೆ, ಮಗ ಬರೆದ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳಿಂದಲೂ ಕರ್ಮದ ಆಸ್ರವವಾಗುತ್ತದೆಂದು ಬಲ್ಲವರಿಗೆ ಇಲ್ಲಿ ದೋಷ ಯಾರದೆಂದು ವಿವರಿಸಬೇಕಾಗಿಲ್ಲ. ಮಗನ ಕೈಯಿಂದ ಬರೆಯಿಸಿದ್ದರಿಂದ ನನ್ನ ಭಾರ ಇಳಿಯಲಿಲ್ಲ. ಅವನ ಮೇಲೂ ಸ್ವಲ್ಪ ಹೊರಿಸಿದಂತಾಯಿತು. ಇಂದು ಇನ್ನೊಂದು ಪ್ರಶ್ನೆ ಎದ್ದಿದೆ. ಉತ್ತರ ಬಾರದವರಿಗೆ ಮೂರನೆಯ ದಿನ, ಏಳನೆಯ ದಿನ, ಹದಿನಾಲ್ಕನೆಯ ದಿನ ತಾನೇ ತಾನಾಗಿ ಪತ್ರ ಕಳುಹಿಸುವ ಕಂಪ್ಯೂಟರ್ ವ್ಯವಸ್ಥೆಗಳು ಬಂದಿವೆ. ನಾವು ನಿದ್ರಿಸುತ್ತಿರುವಾಗಲೂ ಅದು ಬರೆಯುತ್ತಿರುತ್ತದೆ. ಆಜ್ಞೆ ಕೊಟ್ಟವರು ನಾವಾದ್ದರಿಂದ ಅದೂ ಕಾರಿತವೇ. ಹಿಂದೆ ಕಾರ್ಡು ಬರೆಯುವಾಗ ಕಾಸು ಖರ್ಚಾಗುತ್ತಿತ್ತು, ಕೈ ನೋಯುತ್ತಿತ್ತು; ಆದ್ದರಿಂದ ಯೋಚಿಸಿ ಬರೆಯುತ್ತಿದ್ದೆವು. ಈಗ ಬರೆಯುವವನಿಗೆ ಖರ್ಚಿಲ್ಲ. ಖರ್ಚೆಲ್ಲ ಓದುವವನ ಸಮಯದ್ದು ಮತ್ತು ನೆಮ್ಮದಿಯದು. ಅನರ್ಥದಂಡವ್ರತದ ಅತಿಚಾರಗಳಲ್ಲಿ ಮೌಖರ್ಯವನ್ನು, ಅಂದರೆ ಪ್ರಯೋಜನವಿಲ್ಲದ ವಾಚಾಳತನವನ್ನು, ಏಕೆ ಸೇರಿಸಿದರೆಂಬುದು ಪ್ರತಿದಿನ ಬೆಳಿಗ್ಗೆ ಇ-ಮೇಲ್ ತೆರೆದಾಗ ಅರ್ಥವಾಗುತ್ತದೆ.

ಹಾಗಾದರೆ ಬರೆಯುವುದು ಹೇಗೆ?

ಬರೆಯಲೇಬಾರದೆಂದು ನನ್ನ ಅಭಿಪ್ರಾಯವಲ್ಲ. ಮರೆತವರಿಗೆ ನೆನಪು ಮಾಡುವುದು ಉಪಕಾರವೇ. ಹಿತ, ಮಿತ, ಪ್ರಿಯವಾದ ಮಾತು ಭಾಷಾಸಮಿತಿಯ ಲಕ್ಷಣ. ಅದು ಮುನಿಗಳಿಗೆ ಹೇಳಿದ್ದಾದರೂ ಗೃಹಸ್ಥನು ತನ್ನ ಶಕ್ತ್ಯನುಸಾರ ಅನುಸರಿಸಬಹುದು. ಆ ಘಟನೆಯ ನಂತರ ನಮ್ಮ ಅಂಗಡಿಯಲ್ಲಿ ನಾವು ಇಟ್ಟುಕೊಂಡ ನಿಯಮಗಳನ್ನು ಹೇಳುತ್ತೇನೆ.

ಮೊದಲನೆಯದು, ಎರಡನೆಯ ಪತ್ರದಲ್ಲಿ ಓದುವವರಿಗೆ ಉಪಯೋಗವಾಗುವ ಒಂದಾದರೂ ಹೊಸ ವಿಷಯವಿರಬೇಕು. ಪಾತ್ರೆಯ ತೂಕ, ತಳದ ದಪ್ಪ, ಸಾಗಾಣಿಕೆಯ ಬಾಡಿಗೆ, ಅಥವಾ ಐದುನೂರರ ಬದಲು ಮುನ್ನೂರು ಜನರ ಸೆಟ್ಟು ಸಾಕಾದರೆ ಎಷ್ಟು ಉಳಿಯುತ್ತದೆಂಬ ಲೆಕ್ಕ. "ನನ್ನ ಪತ್ರ ನೋಡಿದಿರಾ?" ಎಂಬುದಷ್ಟೇ ಇರುವ ಪತ್ರ ನಮ್ಮ ಚಡಪಡಿಕೆಯನ್ನು ಅವರಿಗೆ ದಾಟಿಸುತ್ತದೆ, ಬೇರೇನನ್ನೂ ಕೊಡುವುದಿಲ್ಲ.

ಎರಡನೆಯದು, ಶೀರ್ಷಿಕೆ ಸತ್ಯವಾಗಿರಬೇಕು. ಅವರು ಬರೆಯದೆ ಇದ್ದರೂ ಅವರ ಪತ್ರಕ್ಕೆ ಉತ್ತರವೆಂಬಂತೆ ತೋರುವ ಶೀರ್ಷಿಕೆ ಕೊಡುವುದು ಬಾಗಿಲಲ್ಲಿಯೇ ಸುಳ್ಳು ಹೇಳಿ ಒಳಗೆ ಬಂದಂತೆ.

ಮೂರನೆಯದು, "ಬೇಡ" ಎನ್ನುವುದನ್ನು ಸುಲಭ ಮಾಡಬೇಕು. ನಾವು ಹೀಗೆ ಬರೆಯುತ್ತೇವೆ: "ಸದ್ಯಕ್ಕೆ ಬೇಡವಾದರೆ 'ಬೇಡ' ಎಂದು ಒಂದೇ ಪದ ಬರೆದರೆ ಸಾಕು. ಯಾವ ತಿಂಗಳಲ್ಲಿ ಕೇಳಬೇಕೆಂದು ತಿಳಿಸಿದರೆ ಆಗ ಕೇಳುತ್ತೇವೆ. ಉತ್ತರಿಸಲು ಬಿಡುವಿಲ್ಲದಿದ್ದರೂ ನಮಗೆ ಬೇಸರವಿಲ್ಲ." ಈ ಕೊನೆಯ ವಾಕ್ಯವನ್ನು ಬರೆಯುವುದು ಸುಲಭ, ಅದು ನಿಜವಾಗಿರುವಂತೆ ಮನಸ್ಸನ್ನು ಇಟ್ಟುಕೊಳ್ಳುವುದು ಕಷ್ಟ. ಆ ರೈತರಿಗೆ ಇಂಥ ಪತ್ರ ಹೋಗಿದ್ದರೆ "ಶ್ರಾವಣದಲ್ಲಿ" ಎಂಬ ಒಂದು ಪದದ ಉತ್ತರ ಬರುತ್ತಿತ್ತೋ ಏನೋ.

ನಾಲ್ಕನೆಯದು, ಬೆಲೆ ಏರುವುದು ಅಥವಾ ದಾಸ್ತಾನು ಮುಗಿಯುವುದು ನಿಜವಾಗಿದ್ದರೆ ಕಾರಣಸಹಿತ ತಿಳಿಸಬೇಕು. ಅದನ್ನು ಮುಚ್ಚಿಡುವುದೂ ಹಿತವಲ್ಲ. ಐದನೆಯದು, ಮೂರನೆಯ ಪತ್ರವೇ ಕೊನೆಯದು. "ಇದು ಕೊನೆಯ ಪತ್ರ" ಎಂದು ಬರೆದು ತಿಂಗಳ ನಂತರ ಮತ್ತೆ ಬರೆದರೆ, ಅದೂ ಒಂದು ಸುಳ್ಳೇ.

ಹೀಗೆ ಬರೆದರೆ ವ್ಯಾಪಾರ ಹೆಚ್ಚುತ್ತದೆಯೇ ಎಂದು ಕೇಳುವವರಿದ್ದಾರೆ. ಸತ್ಯದಿಂದ ಯಾವಾಗಲೂ ಲಾಭವೆಂದು ನಾನು ಹೇಳಲಾರೆ. ನನ್ನ ಸುಳ್ಳು ಪತ್ರ ಒಂದೇ ದಿನದಲ್ಲಿ ಸರಕು ಮಾರಿತೆಂಬುದನ್ನು ಮರೆಮಾಚಿ ಏನು ಪ್ರಯೋಜನ? ಲಾಭಕ್ಕಾಗಿ ಸತ್ಯವನ್ನು ಹಿಡಿದವನು, ಲಾಭ ಬೇರೆ ಕಡೆ ಕಂಡಾಗ ಅದನ್ನು ಬಿಟ್ಟಾನು. ಗಾಂಧೀಜಿಯವರು ಆಧ್ಯಾತ್ಮಿಕ ಮಾರ್ಗದರ್ಶಕರೆಂದು ಗೌರವಿಸಿದ ಶ್ರೀಮದ್ ರಾಜಚಂದ್ರರು ಮುಂಬಯಿಯಲ್ಲಿ ವಜ್ರ ಮುತ್ತುಗಳ ವ್ಯಾಪಾರಿಗಳಾಗಿದ್ದರು. ಬೆಲೆ ಏರಿದ್ದರಿಂದ ಕರಾರಿನಂತೆ ಸರಕು ಕೊಟ್ಟರೆ ಎದುರಾಳಿ ವರ್ತಕನು ದಿವಾಳಿಯಾಗುವನೆಂದು ತಿಳಿದು, ಅವರು ಆ ಕರಾರುಪತ್ರವನ್ನೇ ಹರಿದುಹಾಕಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ರುಜು ಹಾಕಿ ಬದ್ಧನಾಗಿದ್ದವನನ್ನೇ ಅವರು ಬಿಟ್ಟುಬಿಟ್ಟರು. ದರವನ್ನಷ್ಟೇ ಕೇಳಿದವನನ್ನು ನಾವು ಬಿಡಲಾರೆವೇ?

ಬಸದಿಯ ಟ್ರಸ್ಟುಗಳಿಗೆ ಒಂದು ಮಾತು

ಈ ವಿಚಾರ ಅಂಗಡಿಗೆ ಮಾತ್ರ ಸೀಮಿತವಲ್ಲ. ಜೀರ್ಣೋದ್ಧಾರಕ್ಕಾಗಿ, ವಿಧಾನ ಪೂಜೆಗಳಿಗಾಗಿ ನಮ್ಮ ಟ್ರಸ್ಟುಗಳೂ ಪತ್ರ ಬರೆಯುತ್ತವೆ. ಸವಾಲಿನಲ್ಲಿ ಕೂಗಿ ಒಪ್ಪಿಕೊಂಡ ಹಣವನ್ನು ಕೇಳುವುದು ಟ್ರಸ್ಟಿನ ಕರ್ತವ್ಯ. ಅಲ್ಲಿ ಮಾತು ಕೊಟ್ಟಾಗಿದೆ. ಅದನ್ನೂ ಏಕಾಂತದಲ್ಲಿ ಕೇಳಬೇಕೇ ಹೊರತು ಸಭೆಯಲ್ಲಿ ಹೆಸರು ಓದಿ ಅಲ್ಲ. ಆದರೆ ದಾನದ ಮನವಿಗೆ ಉತ್ತರ ಕೊಡದ ಗೃಹಸ್ಥನು ಬಾಕಿದಾರನಲ್ಲ. ಸ್ಥಳ ಬೇಕಾದಷ್ಟಿರುವಾಗ "ಇನ್ನು ಎರಡೇ ದಾನಿಗಳ ಹೆಸರಿಗೆ ಸ್ಥಳ ಉಳಿದಿದೆ" ಎಂದು ಬರೆದು ತಂದ ಹಣದಿಂದ ಕಟ್ಟಿದ ಗೋಡೆ ಎಷ್ಟು ಗಟ್ಟಿಯಾಗಿದ್ದರೂ, ಅದರ ತಳಪಾಯದಲ್ಲಿ ಒಂದು ಕೂಟಲೇಖವಿದೆ.

ನಮ್ಮ ಸಮಾಜಕ್ಕೆ ಉತ್ತರ ಬೇಡದ ಪತ್ರವೆಂಬುದು ಹೊಸದೇನೂ ಅಲ್ಲ. ಪರ್ವದ ಕೊನೆಯಲ್ಲಿ ಪ್ರತಿವರ್ಷ ನಾವು ಬಂಧುಗಳಿಗೂ ವ್ಯವಹಾರದವರಿಗೂ ಕ್ಷಮಾಪಣೆಯ ಪತ್ರ ಬರೆಯುತ್ತೇವೆ. ಅದಕ್ಕೆ ಮಾರೋಲೆ ಬರಲಿಲ್ಲವೆಂದು ಯಾರೂ ನೆನಪಿನ ಪತ್ರ ಕಳುಹಿಸುವುದಿಲ್ಲ. ನಮ್ಮ ಕರ್ತವ್ಯವನ್ನು ನಾವು ಮಾಡಿದೆವು, ಉಳಿದದ್ದು ಅವರ ಮನಸ್ಸಿಗೆ ಬಿಟ್ಟದ್ದು ಎಂದು ಸಮಾಧಾನದಿಂದಿರುತ್ತೇವೆ. ವ್ಯಾಪಾರದ ಪತ್ರಕ್ಕೂ ಆ ಸಮಾಧಾನದ ಒಂದಂಶ ಬಂದರೆ ಸಾಕು.

ಆ ರೈತರಿಗೂ ಅಂಥ ಒಂದು ಪತ್ರವನ್ನು ಪ್ರತಿವರ್ಷ ಬರೆಯುತ್ತಿದ್ದೇನೆ. ಅದರಲ್ಲಿ ಪಾತ್ರೆಯ ವಿಷಯವಿಲ್ಲ, ದರಪಟ್ಟಿಯಿಲ್ಲ. ಇದುವರೆಗೆ ಉತ್ತರ ಬಂದಿಲ್ಲ. ಕೊಡಬೇಕಾದ ಬಾಧ್ಯತೆ ಅವರಿಗಿಲ್ಲ.

ಜೈ ಜಿನೇಂದ್ರ.